‘ಅಡ್ಡಪರಿಣಾಮ’ ಶಬ್ದದ ವಿಮರ್ಶೆ

ಕನ್ನಡದ ವೈದ್ಯಲೇಖನಗಳಲ್ಲಿ ‘ಅಡ್ಡಪರಿಣಾಮ’ವೆಂಬ ಶಬ್ದವು ಈಗ ರೂಢಮೂಲವಾಗಿದೆ. ಉದ್ದಿಷ್ಟಫಲದೊಡನೆ ಔಷಧವು ಉಂಟುಮಾಡುವ ಇತರ ವಿಕಾರಗಳೆಲ್ಲವೂ ಇದೊಂದರಿಂದಲೇ ವ್ಯವಹೃತವಾಗುತ್ತವೆ. ಈ ಶಬ್ದವು ಅರ್ಥವನ್ನು ಯಥಾವತ್ತಾಗಿ ಬೋಧಿಸುವುದೇ ಎಂಬುದನ್ನು ಒಂದು ನಿದರ್ಶನದಿಂದ ಪರೀಕ್ಷಿಸುವುದು ಯುಕ್ತವಾಗಿದೆ.

ಗರ್ಭದ 37 ವಾರಗಳು ತುಂಬುವ ಮೊದಲೇ ಹುಟ್ಟಿದ ಶಿಶುವಿಗೆ ರಕ್ತದಲ್ಲಿ ಸೋಂಕು ತಗಲಿದರೆ ಆಂಪಿಸಿಲಿನ್, ಜೆಂಟಮೈಸಿನ್ ಎಂಬ ಎರಡು ಪ್ರತಿಜೀವಕಗಳನ್ನು ಕೊಡುವುದು ಬಹುಕಾಲದ ಪದ್ಧತಿ. ಇವುಗಳಲ್ಲಿ ಎರಡನೆಯದು ರೂಪಾಂತರ ಹೊಂದದೆ ಮೂತ್ರಪಿಂಡದ ಮಾರ್ಗವಾಗಿ ಹೊರಹೋಗುವುದು. ಆಗ ಅದರ ಅಲ್ಪಾಂಶವನ್ನು ಮೂತ್ರನಾಳಿಕೆಗಳ ಜೀವಕೋಶಗಳು ಹೀರಿಕೊಳ್ಳುತ್ತವೆ. ಅಲ್ಲಿ ಸಂಚಿತವಾದ ಔಷಧವು ಕ್ರಮೇಣ ಆ ಕೋಶಗಳನ್ನೇ ಕೆಡಿಸುತ್ತದೆ. ರಕ್ತವನ್ನು ಸೋಸುವ ನೆಫ್ರಾನುಗಳ ಉತ್ಪತ್ತಿಯು ಗರ್ಭದ 34ರಿಂದ 36ನೆಯ ವಾರದವರೆಗೂ ನಡೆಯುವುದರಿಂದ, 28 ವಾರಕ್ಕೆ ಹುಟ್ಟಿದ ಕೂಸಿನಲ್ಲಿ ಆ ಅವಯವವು ಇನ್ನೂ ನಿರ್ಮಾಣದಶೆಯಲ್ಲಿರುವುದು. ಔಷಧವೂ ತಡವಾಗಿ ವಿಸರ್ಜಿತವಾಗುವುದು. ಆದಕಾರಣವೇ ಇಂಥ ಶಿಶುಗಳಿಗೆ ಎರಡು ಪ್ರಮಾಣಗಳ ನಡುವೆ 36 ಅಥವಾ 48 ಗಂಟೆಗಳ ಅಂತರವನ್ನಿಟ್ಟು, ರಕ್ತದಲ್ಲಿ ಔಷಧದ ಮಟ್ಟವನ್ನು ಅಳೆಯುತ್ತಾರೆ. ಸಕಾಲದಲ್ಲಿ ನಿಲ್ಲಿಸಿದರೆ ಈ ಹಾನಿಯು ಬಹುಮಟ್ಟಿಗೆ ಶಮನವಾಗುವುದು.

ಇಲ್ಲಿ ‘ಅಡ್ಡ’ವಾದುದು ಯಾವುದು? ಅಡ್ಡದಾರಿ, ಅಡ್ಡಮಾತು ಮುಂತಾದೆಡೆಗಳಲ್ಲಿ ಈ ಶಬ್ದವು ಮುಖ್ಯಮಾರ್ಗದಿಂದ ಸರಿದುದನ್ನೂ ಗೌಣವಾದುದನ್ನೂ ಸೂಚಿಸುವುದು. ಜೆಂಟಮೈಸಿನ್ನಾದರೋ ತನ್ನ ರಾಜಮಾರ್ಗದಲ್ಲಿಯೇ ಸಾಗಿ ಹಾನಿಯನ್ನು ಮಾಡುತ್ತದೆ. ಅದು ಆಕಸ್ಮಿಕವಲ್ಲ, ಪ್ರಮಾಣಕ್ಕೂ ಕಾಲಕ್ಕೂ ಅಧೀನವಾದುದು. ಆದುದರಿಂದಲೇ ನಿವಾರಣೀಯವೂ ಆಗಿದೆ.

ಚರಕಸಂಹಿತೆಯ ಸಿದ್ಧಿಸ್ಥಾನದ ಆರನೆಯ ಅಧ್ಯಾಯವು ವಮನ ವಿರೇಚನಗಳಿಂದ ಒದಗುವ ಹತ್ತು ‘ವ್ಯಾಪತ್ತು’ಗಳನ್ನು ನಿರೂಪಿಸಿ, ಪರಿಚಾರಕ, ಔಷಧ, ವೈದ್ಯ, ರೋಗಿ ಈ ನಾಲ್ವರ ವೈಗುಣ್ಯವನ್ನು ಅವುಗಳಿಗೆ ಕಾರಣವೆಂದು ಹೇಳುವುದು. ರೋಗವನ್ನು ಅನುಸರಿಸಿ ಬರುವ ವಿಕಾರಕ್ಕೆ ‘ಉಪದ್ರವ’ವೆಂಬುದು ಪ್ರಸಿದ್ಧಸಂಜ್ಞೆ. ಆ ಹತ್ತರಲ್ಲಿ ಉಪದ್ರವವೂ ಒಂದಾಗಿ ಪಠಿತವಾಗಿದೆಯಲ್ಲಾ ಎಂದು ಆಕ್ಷೇಪಿಸಬಹುದು. ಅಲ್ಲಿಯದು ಒಂದು ವ್ಯಾಪತ್ತಿನ ವಿಶೇಷನಾಮವಾದುದರಿಂದ ಸಾಮಾನ್ಯಸಂಜ್ಞೆಗೆ ಬಾಧಕವಿಲ್ಲ.

ಈ ವಿವೇಕವು ಕೇವಲ ಶಬ್ದಚರ್ಚೆಯಲ್ಲ. ಸೋಂಕೂ ಮೂತ್ರಪಿಂಡವನ್ನು ಕೆಡಿಸಬಲ್ಲದು, ಔಷಧವೂ ಕೆಡಿಸಬಲ್ಲದು. ಮೊದಲ ದಿನಗಳಲ್ಲಿ ಶಿಶುವಿನ ರಕ್ತದ ಕ್ರಿಯಾಟಿನಿನ್ ತಾಯಿಯ ಮಟ್ಟವನ್ನೇ ತೋರುವುದರಿಂದ ಕಾರಣನಿರ್ಣಯವು ಮತ್ತಷ್ಟು ದುಷ್ಕರ. ಉಪದ್ರವವಾದರೆ ಚಿಕಿತ್ಸೆಯನ್ನು ಬಿಡಲಾಗದು. ವ್ಯಾಪತ್ತಾದರೆ ಅಂತರವನ್ನು ಹೆಚ್ಚಿಸಬೇಕು, ಇಲ್ಲವೆ ಔಷಧವನ್ನು ಬದಲಿಸಬೇಕು. ಎರಡನ್ನೂ ‘ಅಡ್ಡಪರಿಣಾಮ’ದೊಳಗೆ ಸೇರಿಸಿದ ಬರೆಹವು ಓದುಗನಿಗೆ ಈ ಭೇದವನ್ನು ಮರೆಮಾಡುವುದು.

‘ವ್ಯಾಪತ್ತು’ ಎಂದೊಡನೆ ‘ವಿಪತ್ತು’ ನೆನಪಾಗಿ ತಾಯಿತಂದೆಗಳು ಔಷಧವನ್ನೇ ನಿರಾಕರಿಸಿಯಾರೆಂಬ ಶಂಕೆಯು ನಿರಾಧಾರವಲ್ಲ; ಸೋಂಕನ್ನು ಚಿಕಿತ್ಸಿಸದೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ಆದುದರಿಂದ ಶಾಸ್ತ್ರಗ್ರಂಥಗಳಲ್ಲಿ ‘ವ್ಯಾಪತ್ತು’, ಜನರೊಡನೆ ‘ಔಷಧದಿಂದ ಆಗುವ ತೊಂದರೆ’ ಎಂಬ ತಿಳಿಮಾತು, ಹೀಗೆ ಸ್ಥಾನಭೇದದಿಂದ ಪ್ರಯೋಗಿಸುವುದು ಸಮಂಜಸ. ಪರಿಭಾಷೆಯನ್ನು ರಚಿಸುವವರು ಶಬ್ದದ ಲಾಘವಕ್ಕಿಂತ ಕಾರಣದ ಸ್ಪಷ್ಟತೆಯನ್ನು ಮುಂದಿಟ್ಟುಕೊಳ್ಳಬೇಕು.