ಮೊದಲ ವಾರದ ಮೋಹ: ‘ಹೀರೋಸ್ ಆಫ್ ಮೈಟ್ ಆ್ಯಂಡ್ ಮ್ಯಾಜಿಕ್’ ಪರಂಪರೆಯ ಬಗ್ಗೆ

‘ಹೀರೋಸ್ ಆಫ್ ಮೈಟ್ ಆ್ಯಂಡ್ ಮ್ಯಾಜಿಕ್’ ಸರಣಿಯ ಮೂರನೆಯ ಆಟವನ್ನು ಮೊದಲ ಸಲ ಶುರು ಮಾಡಿದವರ ಕಣ್ಣಿಗೆ ಬೀಳುವುದು ತೀರ ಕಡಿಮೆ. ಒಂದು ಕೋಟೆ, ಅದರ ಬಾಗಿಲಲ್ಲಿ ಕುದುರೆಯೇರಿ ನಿಂತ ಒಬ್ಬ ಹೀರೋ, ಸುತ್ತ ಒಂದಿಷ್ಟು ನೆಲ. ಅದರಾಚೆಗೆ ಕಗ್ಗತ್ತಲು. ಆದರೆ ಬೆಳಕಿರುವ ಆ ತುಂಡು ನೆಲದಲ್ಲಿ ಯಾವುದೂ ಸುಮ್ಮನೆ ಬಿದ್ದಿರುವುದಿಲ್ಲ. ಮರದ ದಿಮ್ಮಿಗಳ ರಾಶಿಯಿದೆ, ಎತ್ತಿಕೊಳ್ಳಬಹುದು. ಒಂದು ಪೆಟ್ಟಿಗೆಯಿದೆ, ತೆರೆದರೆ ಚಿನ್ನ ಬೇಕೋ ಅನುಭವ ಬೇಕೋ ಎಂದು ಕೇಳುತ್ತದೆ. ತುಸು ದೂರದಲ್ಲಿ ಅದಿರಿನ ಗಣಿ, ಅದರ ಬಾಯಲ್ಲಿ ಯಾವುದೋ ಪ್ರಾಣಿಯ ಕಾವಲು. ಹೀರೋ ಒಂದು ದಿನಕ್ಕೆ ಇಷ್ಟೇ ದೂರ ನಡೆಯಬಲ್ಲ. ಹಾಗಾದರೆ ಮೊದಲು ಯಾವ ಕಡೆಗೆ?

ಕೈಪಿಡಿಯ ಒಂದು ಪುಟವನ್ನೂ ತಿರುವದವರು ಸಹ ಹತ್ತು ನಿಮಿಷದಲ್ಲಿ ಈ ಪ್ರಶ್ನೆಯೊಳಗೆ ಸಿಕ್ಕಿಕೊಂಡಿರುತ್ತಾರೆ. ಈ ಸರಣಿಯ ಹಿರಿಮೆಯೆಲ್ಲ ಆಟದೊಳಗಿನ ಆ ಮೊದಲ ವಾರದಲ್ಲಿದೆ, ಅದರ ಮಿತಿಯೂ ಅಲ್ಲಿಯೇ ಹುಟ್ಟುತ್ತದೆ ಎಂಬುದು ನನ್ನ ನಿಲುವು. ಹೇಗೆ ಆರಂಭಿಸಬೇಕೆಂಬುದನ್ನು ಇಷ್ಟು ಚೆನ್ನಾಗಿ ಬಲ್ಲ ಇನ್ನೊಂದು ತಂತ್ರದ ಆಟವನ್ನು ನಾನು ಕಂಡಿಲ್ಲ. ಹೇಗೆ ಮುಗಿಸಬೇಕೆಂಬುದು ಮಾತ್ರ ಅದಕ್ಕೆ ಕೊನೆಗೂ ಒಲಿಯಲಿಲ್ಲ.

ಸರಣಿಯ ಮೂಲಪುರುಷ ಜಾನ್ ವ್ಯಾನ್ ಕ್ಯಾನೆಘೆಮ್. 1984ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ನ್ಯೂ ವರ್ಲ್ಡ್ ಕಂಪ್ಯೂಟಿಂಗ್’ ಕಟ್ಟಿದವರಲ್ಲಿ ಒಬ್ಬ. 1986ರಲ್ಲಿ ಆ್ಯಪಲ್ 2 ಯಂತ್ರಕ್ಕೆ ‘ಮೈಟ್ ಆ್ಯಂಡ್ ಮ್ಯಾಜಿಕ್’ ಎಂಬ ಪಾತ್ರಾಭಿನಯದ ಆಟವನ್ನು ತಂದ. ನಮ್ಮ ಸರಣಿಯ ನೇರ ಪೂರ್ವಜ ಅದಲ್ಲ, 1990ರ ‘ಕಿಂಗ್ಸ್ ಬೌಂಟಿ’. ಅಲ್ಲಿ ಒಬ್ಬನೇ ಹೀರೋ ನಾಲ್ಕು ಖಂಡಗಳನ್ನು ಸುತ್ತಿ, ಹದಿನೇಳು ಖಳರನ್ನು ಹಿಡಿದು, ಎಂಟು ಅಪೂರ್ವ ವಸ್ತುಗಳನ್ನು ಹುಡುಕಬೇಕು. ಒಂದೊಂದು ಗೆಲುವಿಗೂ ನಕ್ಷೆಯ ಒಂದೊಂದು ಚೂರು ತೆರೆದುಕೊಂಡು, ರಾಜದಂಡ ಹೂತಿರುವ ಜಾಗ ಕಾಣತೊಡಗುತ್ತದೆ. ಗಡುವು ಬಿಟ್ಟರೆ ಅಲ್ಲಿ ಎದುರಾಳಿಯೇ ಇಲ್ಲ. ಲೋಕ ತೆಪ್ಪಗೆ ಕಾಯುತ್ತದೆ. 1995ರಲ್ಲಿ ಬಂದ ಮೊದಲ ‘ಹೀರೋಸ್’ ಆ ಲೋಕಕ್ಕೆ ಎರಡು ಸಂಗತಿಗಳನ್ನು ಸೇರಿಸಿತು: ಕಟ್ಟಿ ಬೆಳೆಸಬೇಕಾದ ಊರು, ಮತ್ತು ಅದೇ ಗಣಿಯ ಮೇಲೆ ಕಣ್ಣಿಟ್ಟಿರುವ ಇನ್ನೊಬ್ಬ.

ಈ ಎರಡನ್ನೂ ಬೆಸೆದದ್ದು ವಾರ. ಆಟದ ಕಾಲಮಾನದಲ್ಲಿ ಏಳು ದಿನಕ್ಕೊಂದು ವಾರ. ಒಂದು ಊರಿನಲ್ಲಿ ದಿನಕ್ಕೆ ಒಂದೇ ಕಟ್ಟಡ ಕಟ್ಟಬಹುದು. ಹೊಸ ಸೈನಿಕರು ಹುಟ್ಟುವುದು ವಾರದ ಮೊದಲ ದಿನ ಮಾತ್ರ. ಕೇಳಲು ಸರಳ. ಆದರೆ ಇದರಿಂದ ಪ್ರತಿ ದಿನಕ್ಕೂ ಬೇರೆ ಬೇರೆ ತೂಕ ಬರುತ್ತದೆ. ಏಳನೆಯ ದಿನ ಗಂಧಕ ಎರಡು ಪಾಲು ಕಡಿಮೆಯಾಗಿ, ಸೈನಿಕರು ಹುಟ್ಟುವ ಒಂದು ಬಿಡಾರ ಕಟ್ಟಲಾಗದೆ ಹೋದರೆ, ಆ ವಾರದ ಬೆಳೆಯೇ ಕೈತಪ್ಪಿತು. ಮರ, ಅದಿರು, ಪಾದರಸ, ಗಂಧಕ, ಸ್ಫಟಿಕ, ರತ್ನ, ಚಿನ್ನ ಎಂಬ ಏಳು ಸಂಪನ್ಮೂಲಗಳು ಬರೀ ಲೆಕ್ಕದ ಅಂಕಿಗಳಾಗಿ ಉಳಿಯದೆ ಹಂಬಲಗಳಾಗುವುದು ಇಂಥ ದಿನಗಳಲ್ಲಿ. ದಿನಕ್ಕೆ ಐನೂರು ಚಿನ್ನ ಕೊಡುವ ಪುಟ್ಟ ಸಭಾಭವನವನ್ನು ನಾಲ್ಕು ಸಾವಿರ ಕೊಡುವ ರಾಜಧಾನಿಯಾಗಿ ಏರಿಸುವುದೇ, ಅಥವಾ ಆ ಹಣವನ್ನು ಈ ವಾರದ ಸೈನ್ಯಕ್ಕೆ ಸುರಿಯುವುದೇ? ಇದಕ್ಕೆ ಸಾರ್ವಕಾಲಿಕ ಉತ್ತರವಿಲ್ಲ. ನಕ್ಷೆ ನೋಡಿ ಹೇಳಬೇಕು.

ಇನ್ನು ಕಾವಲು. ಮೂರನೆಯ ಆಟದಲ್ಲಿ ಗಣಿಯ ಮುಂದೆ ನಿಂತ ದಂಡಿನಲ್ಲಿ ಎಷ್ಟು ತಲೆಗಳಿವೆ ಎಂದು ಆಟ ನಿಖರವಾಗಿ ತಿಳಿಸುವುದಿಲ್ಲ. ಒಂದರಿಂದ ನಾಲ್ಕಿದ್ದರೆ ಒಂದು ಪದ, ಐದರಿಂದ ಒಂಬತ್ತಿದ್ದರೆ ಇನ್ನೊಂದು, ಇಪ್ಪತ್ತರಿಂದ ನಲವತ್ತೊಂಬತ್ತಿದ್ದರೆ ಮತ್ತೊಂದು. ಇಪ್ಪತ್ತಾದರೆ ಗೆಲುವು ನಮ್ಮದು, ನಲವತ್ತಾದರೆ ಸರ್ವನಾಶ. ತಿಳಿದದ್ದಕ್ಕೂ ತಿಳಿಯದ್ದಕ್ಕೂ ನಡುವೆ ಇಷ್ಟು ಹದವಾದ ಅಂತರವಿಟ್ಟ ವಿನ್ಯಾಸಕರು ಆಟಗಾರರ ಆಸೆಯನ್ನು ಚೆನ್ನಾಗಿ ಬಲ್ಲವರೇ ಇರಬೇಕು.

1999ರ ಈ ಮೂರನೆಯ ಆಟಕ್ಕೆ ನಿರ್ದೇಶಕ ಡೇವಿಡ್ ಮುಲಿಚ್, ಮುಖ್ಯ ವಿನ್ಯಾಸಕ ಗ್ರೆಗ್ ಫುಲ್ಟನ್. ಎಂಟು ಬಗೆಯ ಊರುಗಳು, ಪ್ರತಿ ಊರಿಗೂ ಏಳು ಮಟ್ಟದ ಜೀವಿಗಳು, ಪ್ರತಿಯೊಂದಕ್ಕೂ ಒಂದು ಮೇಲ್ದರ್ಜೆ. ಕಥೆಯೇನೋ ಇದೆ: ರಾಣಿ ಕ್ಯಾಥರೀನ್ ತಂದೆಯ ಅಂತ್ಯಕ್ರಿಯೆಗೆಂದು ತವರು ಎರೇಥಿಯಾಕ್ಕೆ ಬರುವಾಗ ಇಡೀ ನಾಡು ಶತ್ರುಗಳ ಕೈಯಲ್ಲಿದೆ. ಆ ಕಥೆ ಸಾಧಾರಣ. ಈ ಆಟ ನಿಜವಾಗಿ ಕಥೆ ಹೇಳುವುದು ನಿಯಮಗಳ ಮೂಲಕ. ಹೊಡೆದರೆ ತಿರುಗಿ ಒಮ್ಮೆ ಹೊಡೆಯುವುದು ಎಲ್ಲರ ಹಕ್ಕು. ಗ್ರಿಫಿನ್ನಿಗೆ ಎರಡು ಸಲ, ಮೇಲ್ದರ್ಜೆಗೇರಿದ ಗ್ರಿಫಿನ್ನಿಗೆ ಎಷ್ಟು ಸಲವಾದರೂ ಸರಿ. ಸುತ್ತುವರಿದಷ್ಟೂ ಕೆರಳುವ ಜೀವಿಯ ಸ್ವಭಾವವನ್ನು ಒಂದು ಸಾಲಿನ ವಿವರಣೆಯೂ ಇಲ್ಲದೆ ಆಟಗಾರ ಅನುಭವಿಸಿ ತಿಳಿಯುತ್ತಾನೆ. ವ್ಯಾಂಪೈರ್ ದೊರೆ ತಾನು ಕುಡಿದ ಜೀವದಿಂದ ಸತ್ತ ಜೊತೆಗಾರರನ್ನು ಎಬ್ಬಿಸುತ್ತಾನೆ. ಮಿನೋಟಾರ್ ಎಂದೂ ಎದೆಗುಂದುವುದಿಲ್ಲ. ಕರಿಯ ಡ್ರ್ಯಾಗನ್ನಿಗೆ ಯಾವ ಮಂತ್ರವೂ ತಟ್ಟುವುದಿಲ್ಲ. ಹಾಗೆಂದೇ ರಣರಂಗವನ್ನೆಲ್ಲ ಸುಡುವ ‘ಆರ್ಮಗೆಡನ್’ ಮಂತ್ರ ಹಾಕಿ, ನಡುವೆ ತನ್ನ ಕರಿಯ ಡ್ರ್ಯಾಗನ್ನುಗಳನ್ನಷ್ಟೇ ಉಳಿಸಿಕೊಳ್ಳುವ ತಂತ್ರ ಹುಟ್ಟಿತು.

ಈ ಪಟ್ಟಿಯಲ್ಲಿ ನಮಗೆ ಪರಿಚಿತರೂ ಇದ್ದಾರೆ. ಹಿಮದ ನಾಡಿನ ‘ಟವರ್’ ಎಂಬ ಊರಿನಲ್ಲಿ ಜೀನಿಗಳ, ಟೈಟನ್ನರ ಪಕ್ಕದಲ್ಲಿ ಹಲವು ಕೈಗಳಲ್ಲಿ ಖಡ್ಗ ಹಿಡಿದ ನಾಗಸ್ತ್ರೀಯರು ನಿಂತಿದ್ದಾರೆ. ಅವರು ಹೊಡೆದರೆ ಶತ್ರು ತಿರುಗಿ ಹೊಡೆಯಲಾರ. ಐದನೆಯ ಆಟದಲ್ಲಿ ರಾಕ್ಷಸ ರಾಣಿ, ರಾಕ್ಷಸ ರಾಜರೂ ಬಂದರು. ನಾಗರಕಲ್ಲಿಗೆ ಹಾಲೆರೆಯುವುದನ್ನೂ ಯಕ್ಷಗಾನದ ಬಣ್ಣದ ವೇಷದ ಅಬ್ಬರವನ್ನೂ ಕಂಡವರಿಗೆ ಇಲ್ಲಿ ಸಂತೋಷದ ಜೊತೆಗೇ ಒಂದು ಕಸಿವಿಸಿಯೂ ಆಗುತ್ತದೆ. ಲೋಕದ ಪುರಾಣಗಳನ್ನೆಲ್ಲ ಬೇರುಸಹಿತ ಕಿತ್ತು, ವಾರಕ್ಕಿಷ್ಟು ತಲೆ, ತಲೆಗಿಷ್ಟು ಚಿನ್ನ ಎಂದು ಬೆಲೆಕಟ್ಟಿ ನಿಲ್ಲಿಸಿದ ಸಂತೆ ಇದು. ಗ್ರೀಕರ ಮೆಡೂಸಾಳಿಗೂ ಅದೇ ಗತಿ, ನಮ್ಮ ನಾಗಿಣಿಗೂ ಅದೇ ಗತಿ. ಈ ದೋಷವನ್ನು ಮುಚ್ಚಿಡಬೇಕಿಲ್ಲ. ಆದರೂ ‘ಅವಳನ್ನು ಮುಟ್ಟಿ ಉಳಿದವರಿಲ್ಲ’ ಎಂಬಂಥ ಭಯವನ್ನು ಒಂದೇ ನಿಯಮದಲ್ಲಿ ಹಿಡಿದಿಟ್ಟದ್ದು ಸಣ್ಣ ಕಸುಬುಗಾರಿಕೆಯಲ್ಲ.

ನಾನು ಇದನ್ನು ಮೊದಲು ಕಂಡದ್ದು ಹಾಸ್ಟೆಲ್ ಕೋಣೆಯೊಂದರಲ್ಲಿ, ಆಡುತ್ತಿದ್ದವರ ಬೆನ್ನ ಹಿಂದೆ ನಿಂತು. ಯಾರೂ ಏನನ್ನೂ ವಿವರಿಸಲಿಲ್ಲ, ವಿವರಿಸಬೇಕಾಗಿಯೂ ಇರಲಿಲ್ಲ. ಯುದ್ಧ ಶುರುವಾದರೆ ಪರದೆಯ ಎರಡು ಬದಿಗೆ ಎರಡು ಸೇನೆ, ನಡುವೆ ಆರು ಮೂಲೆಯ ಮನೆಗಳು, ಒಂದೊಂದು ದಂಡಿನ ಕಾಲಬುಡದಲ್ಲೂ ಅದರ ಸಂಖ್ಯೆ. ಐವತ್ತು ಇದ್ದದ್ದು ಮೂವತ್ತಾದರೆ ನೋಡುವವನಿಗೂ ‘ಅಯ್ಯೋ’ ಎನಿಸುತ್ತದೆ. ಆಡದವನೂ ಸಲಹೆ ಕೊಡಬಹುದಾದಷ್ಟು ತೆರೆದ ಆಟ ಇದು, ಚೌಕಾಬಾರದ ಸುತ್ತ ಕೂತವರೆಲ್ಲ ಕಾಯಿ ನಡೆಸುವಂತೆ. ಒಂದೇ ಕಂಪ್ಯೂಟರಿನಲ್ಲಿ ಸರದಿಯ ಮೇಲೆ ಹಲವರು ಆಡುವ ‘ಹಾಟ್ ಸೀಟ್’ ವ್ಯವಸ್ಥೆ ಇದ್ದದ್ದರಿಂದ, ಮನೆಗೊಂದು ಕಂಪ್ಯೂಟರ್ ಇರುವುದೇ ಹೆಚ್ಚು ಎನ್ನುವ ಕಡೆಗಳಲ್ಲಿ ಈ ಆಟ ಆಳವಾಗಿ ಬೇರೂರಿತು. ಪೋಲೆಂಡ್, ರಷ್ಯಾ, ಉಕ್ರೇನ್, ಹಂಗೇರಿಗಳಲ್ಲಿ ಅದಕ್ಕಿರುವ ಪ್ರೀತಿ ಹುಟ್ಟಿದ ಅಮೆರಿಕದಲ್ಲೂ ಇಲ್ಲ. 133 ಮೆಗಾಹರ್ಟ್ಸ್ ಪೆಂಟಿಯಂ, 32 ಎಂಬಿ ರ‍್ಯಾಮ್ ಇದ್ದರೆ ಸಾಕಿತ್ತು. ಗ್ರಾಫಿಕ್ಸ್ ಕಾರ್ಡಿನ ಹಂಗಿರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜೋಡಿಸಿ ತಂದ ಯಂತ್ರಗಳಲ್ಲಿ ಅದು ಸಲೀಸಾಗಿ ನಡೆಯುತ್ತಿತ್ತೆಂಬುದು ನಮ್ಮ ಪಾಲಿನ ಭಾಗ್ಯ.

ಸಂಗೀತದ ಮಾತನ್ನು ಬಿಡಲಾಗದು. ಪಾಲ್ ರೊಮೆರೊ, ರಾಬ್ ಕಿಂಗ್ ಮೊದಲಾದವರು ಒಂದೊಂದು ಊರಿಗೂ ಒಂದೊಂದು ರಾಗಲೋಕ ಕಟ್ಟಿದರು. 1996ರ ಎರಡನೆಯ ಆಟದಲ್ಲಂತೂ ಊರ ಬಾಗಿಲು ತೆರೆದರೆ ಒಪೆರಾ ಗಾಯಕರ ಕಂಠ ಕೇಳುತ್ತದೆ. ದಿನಕ್ಕೊಂದು ಕಟ್ಟಡ ಕಟ್ಟಲು ಕೆಲವೇ ಕ್ಷಣ ಸಾಕು. ಆ ಹಾಡಿಗಾಗಿ ಊರೊಳಗೆ ಸುಮ್ಮನೆ ಕೂತಿರುವವರು ಎಷ್ಟೋ ಮಂದಿ.

ಈಗ ತೊಡಕಿನ ಭಾಗಕ್ಕೆ ಬರುತ್ತೇನೆ. ಮೊದಲ ವಾರದ ಒಂದೊಂದು ಆಯ್ಕೆಯೂ ಎರಡನೆಯ ವಾರಕ್ಕೆ ಬಡ್ಡಿ ಸೇರಿಸಿಕೊಂಡು ಹೋಗುತ್ತದೆ. ಒಂದು ಗಣಿ ಹೆಚ್ಚಿದ್ದವನ ಸೇನೆ ದೊಡ್ಡದು. ದೊಡ್ಡ ಸೇನೆಗೆ ಇನ್ನೊಂದು ಗಣಿ ಸುಲಭ. ಮೃತಸೇನೆಯ ‘ನೆಕ್ರೊಪೊಲಿಸ್’ ಇದರ ಪರಾಕಾಷ್ಠೆ: ಅವರ ಹೀರೋ ಗೆದ್ದ ಪ್ರತಿ ಯುದ್ಧದ ಹೆಣಗಳಿಂದ ಅಸ್ಥಿಪಂಜರಗಳ ಪಡೆ ಏಳುತ್ತದೆ, ಕಾದಾಡಿದಷ್ಟೂ ಸೇನೆ ಹಿಗ್ಗುತ್ತದೆ. ನಾಲ್ಕನೆಯ ವಾರದ ಹೊತ್ತಿಗೆ ಫಲಿತಾಂಶ ಹೆಚ್ಚುಕಡಿಮೆ ನಿರ್ಧಾರವಾಗಿರುತ್ತದೆ, ಆದರೆ ಆಟ ಮುಗಿದಿರುವುದಿಲ್ಲ. ಸೋಲುವವನ ಕೊನೆಯ ಊರನ್ನು ಹುಡುಕಿಕೊಂಡು ದೊಡ್ಡ ನಕ್ಷೆಯಲ್ಲಿ ಗಂಟೆಗಟ್ಟಲೆ ಅಲೆಯಬೇಕು. ಅತ್ತ ‘ಟೌನ್ ಪೋರ್ಟಲ್’, ‘ಡೈಮೆನ್ಷನ್ ಡೋರ್’ನಂಥ, ಕ್ಷಣದಲ್ಲಿ ದೂರ ದಾಟಿಸುವ ಮಂತ್ರಗಳು ಕೈಗೆ ಬಂದವೆಂದರೆ, ಅಷ್ಟು ಶ್ರದ್ಧೆಯಿಂದ ಕಟ್ಟಿದ ದೂರ, ಬೆಟ್ಟ, ಕಣಿವೆಗಳಿಗೆಲ್ಲ ಅರ್ಥವೇ ಉಳಿಯುವುದಿಲ್ಲ. ಕಂಪ್ಯೂಟರ್ ಎದುರಾಳಿಯೂ ಈ ಹಂತದಲ್ಲಿ ದಿಕ್ಕು ತಪ್ಪಿದಂತೆ ಆಡುತ್ತದೆ.

ಇದನ್ನು ಸರಿಪಡಿಸಲು ಹೊರಟವರು ಒಳ್ಳೆಯದನ್ನೇ ಮುಟ್ಟಿ ಕೆಡಿಸಿದ್ದು ಈ ಪರಂಪರೆಯ ದುರಂತ. 2002ರ ನಾಲ್ಕನೆಯ ಆಟವನ್ನು ಹಳೆಯ ಅಭಿಮಾನಿಗಳು ಕಟುವಾಗಿ ತಿರಸ್ಕರಿಸಿದರು. ಅಷ್ಟು ಕಟುತನ ನ್ಯಾಯವೆಂದು ನನಗೆ ಅನಿಸುವುದಿಲ್ಲ. ಹೀರೋಗಳೇ ರಣರಂಗಕ್ಕೆ ಇಳಿಯುವುದು, ಎರಡು ಬಿಡಾರಗಳಲ್ಲಿ ಒಂದನ್ನೇ ಆರಿಸಿ ಇನ್ನೊಂದನ್ನು ಕೈಬಿಡಬೇಕಾಗುವುದು, ಸರಣಿಯಲ್ಲೇ ಅತ್ಯಂತ ಮನುಷ್ಯಸಹಜವಾದ ಕಥನ, ಇವೆಲ್ಲ ಧೈರ್ಯದ ಹೆಜ್ಜೆಗಳು. ಆದರೆ ಸೈನಿಕರು ವಾರಕ್ಕೊಮ್ಮೆ ಹುಟ್ಟುವ ಬದಲು ದಿನದಿನವೂ ಹುಟ್ಟತೊಡಗಿದರು. ಅನುಕೂಲವೇನೋ ಆಯಿತು, ತಾಳ ತಪ್ಪಿತು. ಏಳನೆಯ ದಿನದ ಕಾತರವೂ ಮರುದಿನ ಬೆಳಗಿನ ಸುಗ್ಗಿಯೂ ಹೋದವು.

ಮುಂದಿನದು ಒಡೆತನ ಕೈಬದಲಾದ ಕಥೆ. ನ್ಯೂ ವರ್ಲ್ಡ್ ಅನ್ನು 1996ರಲ್ಲೇ ಕೊಂಡಿದ್ದ 3ಡಿಒ ಕಂಪನಿ 2003ರಲ್ಲಿ ದಿವಾಳಿಯಾಯಿತು. ಯೂಬಿಸಾಫ್ಟ್ 13 ಲಕ್ಷ ಡಾಲರಿಗೆ ಹಕ್ಕು ಕೊಂಡಿತು. ಮಾಸ್ಕೋದ ನಿವಾಲ್ ಕಟ್ಟಿದ 2006ರ ಐದನೆಯ ಆಟ ಮೂರನೆಯದಕ್ಕೆ ಮರಳಿ, ಮೂರು ಆಯಾಮದ ಚಿತ್ರ ತಂದಿತು. ಕೌಶಲಗಳ ಹೆಣಿಗೆಯಲ್ಲಿ ಅದು ಮೂರನೆಯದಕ್ಕಿಂತ ಆಳ. ನಕ್ಷೆಯನ್ನು ಒಂದೇ ನೋಟಕ್ಕೆ ಓದುವ ಸುಖ ಮಾತ್ರ ಅಲ್ಲಿಲ್ಲ, ಮರಗಳ ಹಿಂದೆ ಸರಕು ಅಡಗಿ ಕ್ಯಾಮೆರಾ ತಿರುಗಿಸಬೇಕಾಗುತ್ತದೆ. 2011ರ ಆರನೆಯದು ಏಳು ಸಂಪನ್ಮೂಲಗಳನ್ನು ನಾಲ್ಕಕ್ಕೆ ಇಳಿಸಿತು, ಊರಿನ ಇಡೀ ಪರದೆಯ ಚಿತ್ರವನ್ನು ಪುಟ್ಟ ಕಿಟಕಿಯಾಗಿಸಿತು. ಊರು ಬೆಳೆಯುವುದನ್ನು ಕಣ್ತುಂಬ ನೋಡುವುದು ಅಲಂಕಾರವೆಂದು ಭಾವಿಸಿದವರ ನಿರ್ಧಾರ ಅದು. ನನ್ನ ಮಟ್ಟಿಗೆ ಅದು ಆಟದ ಅರ್ಧ ಜೀವ. 2015ರ ಏಳನೆಯದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಭಿಮಾನಿಗಳ ಮತ ಕೇಳಿ ಕೇಳಿ ಮಾಡಿದ ಅದರಲ್ಲಿ ಸ್ವಂತ ಮನಸ್ಸು ಕಾಣಲಿಲ್ಲ.

ಅಭಿಮಾನಿಗಳ ಮಾತು ಬಂತು. ಮೂರನೆಯ ಆಟದ ಮೊದಲ ವಿಸ್ತರಣೆಗೆ ‘ಫೋರ್ಜ್’ ಎಂಬ ಯಂತ್ರಲೋಕದ ಊರನ್ನು ಯೋಜಿಸಲಾಗಿತ್ತು. ಮೈಟ್ ಆ್ಯಂಡ್ ಮ್ಯಾಜಿಕ್ ಲೋಕದ ಅಡಿಪಾಯದಲ್ಲಿ ಮೊದಲಿಂದಲೂ ವಿಜ್ಞಾನಕಥೆಯ ಎಳೆ ಇದೆ. ಹಾಗಾಗಿ ಅದು ಹೊರಗಿಂದ ತಂದು ಅಂಟಿಸಿದ್ದಲ್ಲ. ಆದರೂ ವಿರೋಧದ ಬಿರುಗಾಳಿಗೆ ಹೆದರಿ ಅದನ್ನು ಕೈಬಿಟ್ಟು ‘ಕಾನ್ಫ್ಲಕ್ಸ್’ ಎಂಬ ಸಪ್ಪೆ ಊರನ್ನು ತಂದರು. ಅಂದಿನಿಂದ ಹಳೆಯದರ ಮೋಹವೇ ಈ ಸರಣಿಯ ಕಾವಲುಗಾರನಾಗಿ ಕೂತಿತು ಎಂದು ನಾನು ನಂಬುತ್ತೇನೆ.

ಆದರೆ ಅದೇ ಮೋಹವೇ ಆಟವನ್ನು ಉಳಿಸಿದ್ದೂ ಹೌದು. 2015ರಲ್ಲಿ ಯೂಬಿಸಾಫ್ಟ್ ಹೊರತಂದ ಎಚ್‌ಡಿ ಆವೃತ್ತಿಯಲ್ಲಿ ವಿಸ್ತರಣೆಗಳೇ ಇರಲಿಲ್ಲ. ಅದಕ್ಕೂ ಮೊದಲೇ, 2011ರಿಂದ, ‘ಹಾರ್ನ್ ಆಫ್ ದಿ ಅಬಿಸ್’ ಎಂಬ ವಿಸ್ತರಣೆಯಲ್ಲಿ ಅಭಿಮಾನಿಗಳ ತಂಡವೊಂದು ಮೂಲ ಆಟಕ್ಕೆ ಒಪ್ಪುವ ಕೈಚಳಕದಲ್ಲಿ ಕಡಲ್ಗಳ್ಳರ ‘ಕೋವ್’ ಊರನ್ನು ಕಟ್ಟಿಕೊಟ್ಟಿತ್ತು. ಆಮೇಲೆ ‘ಫ್ಯಾಕ್ಟರಿ’ ಬಂತು: ಯಂತ್ರಗಳ ಊರು, ಈ ಸಲ ಎಲ್ಲರ ಅಕ್ಕರೆಯೊಂದಿಗೆ. ಪೋಲೆಂಡಿನಲ್ಲಿ 2007ರಲ್ಲಿ ಮೊದಲಾದ ‘ವಿಸಿಎಂಐ’ ಆಟದ ಎಂಜಿನ್ನನ್ನೇ ಮುಕ್ತ ತಂತ್ರಾಂಶವಾಗಿ ಮತ್ತೆ ಬರೆಯಿತು. ಸ್ವೀಡನ್ನಿನ ಲಾವಾಪೋಷನ್ ತಂಡದ ‘ಸಾಂಗ್ಸ್ ಆಫ್ ಕಾಂಕ್ವೆಸ್ಟ್’ ಹೊರಗಿನ ವಾರಸುದಾರರಲ್ಲಿ ಅತ್ಯಂತ ವಿವೇಕಿ. ಸೇನಾಪತಿ ಎಷ್ಟು ದಂಡುಗಳನ್ನು ಹೊರಬಲ್ಲ, ಒಂದು ದಂಡು ಎಷ್ಟು ಹಿಗ್ಗಬಲ್ಲದು ಎಂಬುದಕ್ಕೆ ಮಿತಿ ಹಾಕಿ, ಬಡ್ಡಿ ಬೆಳೆಯುವ ಹಳೆಯ ರೋಗಕ್ಕೆ ಅದು ಮದ್ದು ಹುಡುಕಿತು.

ಈಗಿನ ಆನ್‌ಲೈನ್ ಸ್ಪರ್ಧೆಗಳಲ್ಲಿ ಹೆಸರಾದ ‘ಜೀಬಸ್ ಕ್ರಾಸ್’ ಮಾದರಿಯ ನಕ್ಷೆಗಳನ್ನು ನೋಡಿ. ಆಟಗಾರರ ನೆಲೆಗಳ ನಡುವೆ ಸಂಪತ್ತು ತುಂಬಿದ ಮರಳುಗಾಡು, ಅಲ್ಲಿಗೆ ಹೋಗುವ ದಾರಿಯಲ್ಲಿ ಘೋರ ಕಾವಲು. ಬಹುತೇಕ ಪಂದ್ಯಗಳು ಮೊದಲ ತಿಂಗಳೊಳಗೆ ಮುಗಿದುಹೋಗುತ್ತವೆ. ವಿನ್ಯಾಸಕರು ಕತ್ತರಿಸಲಾಗದ ಕೊನೆಯ ಭಾಗವನ್ನು ಆಟಗಾರರೇ ಕತ್ತರಿಸಿಕೊಂಡರು. ಅದರಲ್ಲಿ ಕಳೆದುಕೊಂಡದ್ದೂ ಇದೆ: ನಕ್ಷೆ ಬರೆದವರ ಕಲ್ಪನೆ, ಮೂಲೆಯ ಗುಡಿಸಲಿನ ಮುದುಕನ ಒಗಟು, ಕಾರಣವಿಲ್ಲದೆ ಕಾಡಿನೊಳಗೆ ಸುತ್ತುವ ಬಿಡುವು.

ಹೊಸಬರು ಎಲ್ಲಿಂದ ಶುರು ಮಾಡಬೇಕೆಂದು ಕೇಳಿದರೆ ಎರಡೂ ವಿಸ್ತರಣೆಗಳು ಸೇರಿದ ಮೂರನೆಯ ಆಟವನ್ನೇ ನಾನು ಹೇಳುವುದು. ಕಥನದ ಸರಣಿಗಳು ಆಮೇಲಿರಲಿ. 36 ಮನೆ ಉದ್ದ, 36 ಮನೆ ಅಗಲದ ಅತಿ ಚಿಕ್ಕ ನಕ್ಷೆಯೊಂದನ್ನು ಆರಿಸಿ, ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳಿ. ಅವರ ಸರದಿ ಬಂದಾಗ ಪರದೆಯಿಂದ ಮುಖ ತಿರುಗಿಸಿ ಕೂರಬೇಕು, ಇದೊಂದು ಶಿಸ್ತು. ಯಾರು ಗೆಲ್ಲುತ್ತಾರೆಂದು ಇಬ್ಬರಿಗೂ ಖಚಿತವಾದ ದಿನ ಅಲ್ಲಿಗೇ ನಿಲ್ಲಿಸಿ ಹೊಸ ನಕ್ಷೆ ತೆರೆಯಿರಿ; ಇದನ್ನು ಬಲ್ಲವರು ಬಹಳ ಮಂದಿ ಹಾಗೆಯೇ ಆಡುತ್ತಾರೆ.