ದಖ್ಖನ್ ಹೆಸರಿನ ತಟ್ಟೆಯಲ್ಲಿ ಉಂಡವರು ಯಾರು?

ಲಂಡನ್ನಿನ ಹೈಡ್ ಪಾರ್ಕ್ ಮೂಲೆಯಲ್ಲಿ ಆಪ್ಸ್‌ಲಿ ಹೌಸ್ ಎಂಬ ಮನೆ ಇದೆ. ವಾಟರ್ಲೂ ಗೆದ್ದ ಡ್ಯೂಕ್ ಆಫ್ ವೆಲಿಂಗ್ಟನ್ನನ ಮನೆ ಅದು. 1952ರಿಂದ ಮ್ಯೂಸಿಯಂ. ಅವನಿಗೆ ಬಂದ ಉಡುಗೊರೆಯ ಬೆಳ್ಳಿ ಅಲ್ಲಿ ಗಾಜಿನ ಬೀರುಗಳ ತುಂಬ ಹೊಳೆಯುತ್ತಿದೆ. ಪೋರ್ಚುಗಲ್ಲಿನ ಆಳುವವರು 1816ರಲ್ಲಿ ಕೊಟ್ಟ ಊಟದ ಸಾಮಾನಿನಲ್ಲಿ, ಮೇಜಿನ ನಡುವೆ ಇಡುವ ಅಲಂಕಾರ ಒಂದೇ ಎಂಟು ಮೀಟರ್ ಉದ್ದ. ಲಂಡನ್ನಿನ ವರ್ತಕರು, ಬ್ಯಾಂಕಿನವರು ಕೊಟ್ಟ ಗುರಾಣಿ ಬೇರೆ. ಇವುಗಳ ನಡುವೆ ಇನ್ನೊಂದಿದೆ. ಅದರ ಹೆಸರು ‘ಡೆಕ್ಕನ್ ಸರ್ವಿಸ್’. ಅಂದರೆ ನಮ್ಮ ದಖ್ಖನಿನ ಹೆಸರಿಟ್ಟ ಊಟದ ಬೆಳ್ಳಿ.

ಇದರ ಕತೆ ಇಷ್ಟು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತ ಹಿಡಿದವನು ಆರ್ಥರ್ ವೆಲ್ಲೆಸ್ಲಿ. ಮುಂದೆ ಡ್ಯೂಕ್ ಆದವನು ಇವನೇ. 1803ರ ಸೆಪ್ಟೆಂಬರ್ 23ರಂದು, ಇಂದಿನ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಅಸ್ಸಾಯೆ ಎಂಬ ಹಳ್ಳಿಯ ಹತ್ತಿರ ಸಿಂಧಿಯಾ ಮತ್ತು ಭೋಂಸ್ಲೆಯ ಸೈನ್ಯವನ್ನು ಸೋಲಿಸಿದ. ಅವನ ಕೈಕೆಳಗಿನ ಅಧಿಕಾರಿಗಳು 2,000 ಗಿನಿ ಚಂದಾ ಕೂಡಿಸಿದರು. ಮೊದಲು ಚಿನ್ನದ ಹೂಜಿ ಅಂದುಕೊಂಡಿದ್ದರು, ಆಮೇಲೆ ಊಟದ ಬೆಳ್ಳಿಯಾಯಿತು. ಲಂಡನ್ನಿನಲ್ಲಿ 1806-07ರ ಸುಮಾರಿಗೆ ಮಾಡಿಸಿ, ಮೇಲೆ ಚಿನ್ನದ ಮುಲಾಮು ಹಾಕಿಸಿ ಕೊಟ್ಟರು.

ಕಲಾಪಂಡಿತರು ಇಂಥದ್ದನ್ನು ನೋಡುವ ಬಗೆ ಗೊತ್ತೇ ಇದೆ. ಅಂಚಿನ ಕುಸುರಿ ನೋಡುತ್ತಾರೆ, ತೂಕ ನೋಡುತ್ತಾರೆ, ತಳದ ಮುದ್ರೆ ಓದುತ್ತಾರೆ. ನೋಡಲಿ, ತಪ್ಪೇನಿಲ್ಲ. ಆದರೆ ಉಡುಗೊರೆಯ ಬೆಳ್ಳಿ ಬರೀ ಪಾತ್ರೆ ಅಲ್ಲ, ಅದು ಬರೆದ ಚರಿತ್ರೆ. ಯಾವ ಚರಿತ್ರೆಯನ್ನಾದರೂ ಓದುವಾಗ ಬರೆದದ್ದರ ಜೊತೆಗೆ ಬಿಟ್ಟದ್ದನ್ನೂ ಓದಬೇಕು.

ಬಿಟ್ಟದ್ದು ಏನು? ಅಸ್ಸಾಯೆಯಲ್ಲಿ ಕಂಪನಿಯ ಕಡೆ ನಿಂತ ಕಾಲಾಳುಗಳಲ್ಲಿ ಬಿಳಿಯರ ಪಡೆ ಎರಡು, ಮದರಾಸಿನ ಸಿಪಾಯಿಗಳ ಪಡೆ ಐದು. ಆ ಒಂದು ಮಧ್ಯಾಹ್ನ ಕಂಪನಿಯ ಕಡೆಯೇ ಸತ್ತವರು, ಗಾಯಗೊಂಡವರು 1,500ಕ್ಕೂ ಹೆಚ್ಚು. ಫಿರಂಗಿ ಎಳೆದದ್ದು ಮೈಸೂರು ಸೀಮೆಯ ಎತ್ತುಗಳು. ಹೈದರ್, ಟಿಪ್ಪು ಕಾಲದಲ್ಲಿ ಹೆಸರಾದ ಅಮೃತಮಹಲ್ ತಳಿಯನ್ನು ವೆಲ್ಲೆಸ್ಲಿ ಬಾಯ್ತುಂಬ ಹೊಗಳಿದ್ದಾನೆ. ಸೈನ್ಯದ ಹೊಟ್ಟೆಗೆ ದವಸ ಹೇರಿಕೊಂಡು ಬಂದವರು ಲಂಬಾಣಿಗರು. ಅವರು ಬರದಿದ್ದರೆ ದಂಡು ಒಂದು ವಾರವೂ ನಡೆಯುತ್ತಿರಲಿಲ್ಲ. ಹೇರು ಹೊತ್ತವರಿಗೆ ಬೆಳ್ಳಿಯ ಮೇಲೆ ಜಾಗ ಇಲ್ಲ.

ಇನ್ನೊಂದು ಮಾತಿದೆ, ಅದು ಗಂಟಲಲ್ಲಿ ಇಳಿಯುವುದಿಲ್ಲ. 1803-04ರಲ್ಲೇ ದಖ್ಖನಿನಲ್ಲಿ ಭೀಕರ ಬರ ಬಿತ್ತು. ಮಳೆ ಕೈಕೊಟ್ಟಿತ್ತು. ದಂಡುಗಳು ಹಾದ ಊರುಗಳಲ್ಲಿ ಹಗೇವು ಬರಿದಾಗಿದ್ದವು. ವೆಲ್ಲೆಸ್ಲಿಯೇ ಅಹಮದ್‌ನಗರದಲ್ಲಿ ಹಸಿದವರಿಗೆ ಅನ್ನದ ವ್ಯವಸ್ಥೆ ಮಾಡಿಸಿದ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ದಖ್ಖನಿನ ಜನ ಹೊಟ್ಟೆಗಿಲ್ಲದೆ ಬಿದ್ದ ಹೊತ್ತಿನ ಗೆಲುವಿಗೆ ನೆನಪಾಗಿ ಏನು ಕೊಟ್ಟರು? ಊಟದ ತಟ್ಟೆ! ಕೊಟ್ಟವರಿಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಹಾಗೆ ಕಾಣದಿರುವುದೇ ಯಜಮಾನಿಕೆಯ ಗುಟ್ಟು.

ಲೆಕ್ಕ ಹಾಕಿ ನೋಡೋಣ. 2,000 ಗಿನಿ ಅಂದರೆ 2,100 ಪೌಂಡ್. ಶ್ರೀರಂಗಪಟ್ಟಣದ ಲೂಟಿ ಹಂಚಿದಾಗ ದಂಡನಾಯಕ ಹ್ಯಾರಿಸ್‌ಗೆ ಬಂದದ್ದು 1,40,000 ಪೌಂಡಿಗೂ ಮೇಲೆ. ವೆಲ್ಲೆಸ್ಲಿಗೆ ಸುಮಾರು 4,000. ಕೋಟೆಗೆ ಎದೆ ಕೊಟ್ಟ ಸಿಪಾಯಿಗೆ ಸುಮಾರು 5 ಪೌಂಡ್. ಆ ದರದಲ್ಲಿ ಈ ಬೆಳ್ಳಿಯ ಬೆಲೆ 420 ಸಿಪಾಯಿಗಳ ಪಾಲು. ಹಂಚುವಾಗ ಒಂದು ತಕ್ಕಡಿ, ಹೊಗಳುವಾಗ ಇನ್ನೊಂದು ತಕ್ಕಡಿ.

ಹಾಗಾದರೆ ಈ ಕುಸುರಿ ಸುಳ್ಳೇ? ಈ ಚೆಲುವು ಕೆಟ್ಟದ್ದೇ? ಅಲ್ಲ. ಇಲ್ಲಿ ನಮ್ಮ ಕೆಲವು ಗೆಳೆಯರು ಅವಸರ ಮಾಡುತ್ತಾರೆ. ‘ಉಳ್ಳವರ ಕಲೆ, ಸುಟ್ಟುಹಾಕಿ’ ಅಂದುಬಿಡುತ್ತಾರೆ. ಕೆತ್ತಿದ ಕೈ ಉಳ್ಳವನದಲ್ಲ ಕಣ್ರೀ. ಲಂಡನ್ನಿನ ಬೆಳ್ಳಿಯ ತಳದಲ್ಲಿರುವುದು ಕಾರ್ಖಾನೆಯ ಒಡೆಯನ ಗುರುತು. ಸುತ್ತಿಗೆ ಹಿಡಿದ ಆಳಿನ ಹೆಸರು ಅಲ್ಲಿ ಸಿಗುವುದಿಲ್ಲ. ಆ ಕಾಲದಲ್ಲಿ ಮುಲಾಮು ಹಾಕುತ್ತಿದ್ದದ್ದು ಪಾದರಸದಿಂದ. ಚಿನ್ನವನ್ನು ಪಾದರಸದಲ್ಲಿ ಕಲಸಿ, ಬೆಳ್ಳಿಗೆ ಹಚ್ಚಿ, ಬೆಂಕಿಗೆ ಹಿಡಿಯುತ್ತಿದ್ದರು. ಪಾದರಸ ಹೊಗೆಯಾಗಿ ಹೋಗುತ್ತಿತ್ತು, ಚಿನ್ನ ಉಳಿಯುತ್ತಿತ್ತು. ಆ ಹೊಗೆ ಕುಡಿದ ಕೆಲಸಗಾರರಿಗೆ ಕೈನಡುಕ ಬರುತ್ತಿತ್ತು, ಹಲ್ಲು ಉದುರುತ್ತಿದ್ದವು. 1840ರ ದಶಕದಲ್ಲಿ ವಿದ್ಯುತ್ತಿನ ಮುಲಾಮು ಬಂದ ಮೇಲೆ ನಿಧಾನವಾಗಿ ಈ ಪದ್ಧತಿ ಹಿಂದೆ ಸರಿಯಿತು. ಆದ್ದರಿಂದ ಆ ಹೊಳಪನ್ನು ತಿರಸ್ಕರಿಸಿದರೆ ಆ ಕೈಯನ್ನೂ ತಿರಸ್ಕರಿಸಿದಂತೆ. ಹೊಳಪಿನ ನಿಜವಾದ ವಾರಸುದಾರರು ಯಾರು ಎಂದು ಕೇಳುವುದೇ ನಮ್ಮ ವಿಮರ್ಶೆಯ ಕೆಲಸ.

ಇದು ಇನ್ನೂರು ವರ್ಷದ ಹಿಂದಿನ, ಏಳು ಸಮುದ್ರದಾಚೆಯ ಮಾತು ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ. ನಮ್ಮ ಸಮಾವೇಶಗಳನ್ನೇ ನೋಡಿ. ಮಂತ್ರಿಗೆ ಬೆಳ್ಳಿ ಗದೆ, ಬೆಳ್ಳಿ ಕಿರೀಟ, ಬೆಳ್ಳಿ ಖಡ್ಗ. ಚಂದಾ ಎತ್ತಿದವರು ವೇದಿಕೆಯ ಮೇಲೆ. ಚಂದಾ ಕೊಟ್ಟು, ಲಾರಿ ಹತ್ತಿ ಬಂದು, ಬಿಸಿಲಲ್ಲಿ ಕೂತು ಜೈಕಾರ ಹಾಕಿದವರು ಕೆಳಗೆ. ನಮ್ಮ ಕೇರಿಯಿಂದ ಮೇಲೆ ಬಂದ ನಾಯಕನ ತಲೆಗೂ ನಾವು ಅದೇ ಕಿರೀಟವನ್ನೇ ಇಟ್ಟರೆ, ಬದಲಾದದ್ದು ತಲೆ ಮಾತ್ರ, ಕಿರೀಟ ಹಾಗೇ ಉಳಿಯಿತು.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಪಾಠದಲ್ಲಿ ‘ವೆಲ್ಲೆಸ್ಲಿ ಗೆದ್ದ’ ಎಂಬ ಸಾಲು ಬಂದಾಗ ಅಲ್ಲಿಗೇ ಮುಂದಿನ ಪುಟ ತಿರುವಬೇಡಿ. ಫಿರಂಗಿ ಎಳೆದದ್ದು ಯಾರ ಹಟ್ಟಿಯ ಎತ್ತು, ದವಸ ತಂದದ್ದು ಯಾವ ತಾಂಡಾ ಎಂದು ಮಕ್ಕಳನ್ನು ಕೇಳಿ. ಎತ್ತು ಮೇಯಿಸಿ ಬಂದ ಹುಡುಗ, ತಾಂಡಾದಿಂದ ಬಂದ ಹುಡುಗಿ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಆ ಪ್ರಶ್ನೆಗೆ ಮೊದಲು ಕೈ ಎತ್ತುವವರು ಅವರೇ.