ಬಣ್ಣ ಬಳಿದ ಜೀಪು, ಬಿಚ್ಚದ ಕಿಂಗ್ ಪಿನ್

ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಕಡೆ ಹೊರಟ ಹಳೆಯ ಜೀಪೊಂದು ಎಲ್ಲಾದರೂ ಕಾಫಿಗೆ ನಿಂತರೆ ಸಾಕು, ಸುತ್ತ ಹತ್ತು ಜನ ಸೇರುತ್ತಾರೆ. ಮಿಲಿಟರಿ ಹಸಿರು ಬಣ್ಣ, ಅಗಲ ಟೈರು, ಮುಂದೊಂದು ವಿಂಚು. ‘ರೆಸ್ಟೋರ್ ಮಾಡಿಸಿದ್ದು’ ಎಂದು ಮಾಲೀಕರು ಹೇಳುತ್ತಾರೆ, ನೋಡಿದವರು ತಲೆದೂಗುತ್ತಾರೆ. ಈ ಕೆಲಸಕ್ಕೆ ಸಿಗುತ್ತಿರುವ ಹೊಗಳಿಕೆ ಅದರ ಯೋಗ್ಯತೆಗೆ ಮೀರಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಗಾಡಿಗಳನ್ನು ಇಷ್ಟು ವರ್ಷ ರಸ್ತೆಯ ಮೇಲೆ ಉಳಿಸಿದ್ದು ರಿಪೇರಿ. ಅದರ ಬಗ್ಗೆ ಯಾರೂ ನಾಲ್ಕು ಸಾಲು ಬರೆಯುವುದಿಲ್ಲ.

1947ರಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪು ಜೋಡಿಸಲು ಶುರುಮಾಡಿದ್ದು, ಅದು ಕೊಡಗಿನ ತೋಟಗಳಿಗೂ ಎಚ್.ಡಿ. ಕೋಟೆಯ ಕಾಡಂಚಿಗೂ ಹೋಗಿದ್ದು ಎಲ್ಲರಿಗೂ ಗೊತ್ತಿರುವ ಕತೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಈ ಊರಿನಲ್ಲಿ ಜಾವಾ ಬೈಕುಗಳು ಓಡುತ್ತಿವೆಯಲ್ಲ, ಅವುಗಳನ್ನು ಉಳಿಸಿಕೊಂಡು ಬಂದ ಮೇಸ್ತ್ರಿಗಳ ಕೈಗಳೇ ಜೀಪುಗಳನ್ನೂ ಕಾದಿವೆ. ನಾನು ಹೇಳಬೇಕಾದ್ದು ಒಂದೇ ಒಂದು ಭಾಗದ ಮಾತು: ಮುಂದಿನ ಚಕ್ರದ ಹಿಂದಿರುವ ಕಿಂಗ್ ಪಿನ್.

ನನ್ನ ಸಿಜೆ-3ಬಿ ಜೀಪು ಎರಡು ವರ್ಷದ ಹಿಂದೆ ಹುಣಸೂರು ರಸ್ತೆಯಲ್ಲಿ, ಇಲವಾಲ ದಾಟಿದ ಮೇಲೆ, ಎಡಚಕ್ರ ಗುಂಡಿಗೆ ಬಿದ್ದದ್ದೇ ತಡ, ವಾಬ್ಲಿಂಗ್ ಹೊಡೆಯತೊಡಗಿತು. ಸ್ಟೀರಿಂಗ್ ಎರಡೂ ಕೈಗಳನ್ನು ಒದರಿ ಎಸೆಯುವ ಹಾಗೆ ಅದುರಿತು. ಗಾಡಿ ಪೂರ್ತಿ ನಿಲ್ಲುವವರೆಗೂ ಬಿಡಲಿಲ್ಲ. ಹಿಂದಿನ ವರ್ಷವಷ್ಟೇ ಅದನ್ನು ರೆಸ್ಟೋರ್ ಮಾಡಿಸಿದ್ದೆ. ಆ ಗ್ಯಾರೇಜಿಗೇ ಒಯ್ದೆ. ಅವರು ಅಲೈನ್‌ಮೆಂಟ್ ಮಾಡಿ, ಟೈರು ಅದಲುಬದಲು ಮಾಡಿ, ಕೊನೆಗೆ ಟೈ ರಾಡಿಗೆ ಒಂದು ಸ್ಟೀರಿಂಗ್ ಡ್ಯಾಂಪರ್ ಕೂರಿಸಿದರು. ಅದುರುವುದು ನಿಂತಿತು. ನನಗೂ ಖುಷಿಯಾಯಿತು.

ಡ್ಯಾಂಪರ್ ಎಂದರೆ ಅಡ್ಡಕ್ಕೆ ಕಟ್ಟಿದ ಶಾಕ್ ಅಬ್ಸಾರ್ಬರ್. ಅದು ಅದುರುವಿಕೆಯನ್ನು ಹೀರಿಕೊಳ್ಳುತ್ತದೆಯೇ ಹೊರತು ಅದುರುವ ಕಾರಣವನ್ನು ಮುಟ್ಟುವುದಿಲ್ಲ. ಆಮೇಲೆ ನಾನು ಗಾಡಿ ತೋರಿಸಿದ, ಬನ್ನಿಮಂಟಪದ ಕಡೆಯ ವಯಸ್ಸಾದ ಮೇಸ್ತ್ರಿಯೊಬ್ಬರು ಮೊದಲು ಮಾಡಿದ್ದೇ ಆ ಡ್ಯಾಂಪರ್ ಕಳಚಿದ್ದು. ಆಮೇಲೆ ಜ್ಯಾಕ್ ಕೊಟ್ಟು, ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದರು. ಹಬ್ ಬೇರಿಂಗ್ ಬಿಗಿಯಾಗಿತ್ತು, ಆದರೂ ಚಕ್ರದಲ್ಲಿ ಪ್ಲೇ ಇತ್ತು. “ನಕಲ್ ಬಿಚ್ಚಬೇಕು ಸಾರ್, ಬೇರೆ ದಾರಿ ಇಲ್ಲ” ಅಂದರು.

ಈ ಜೀಪಿನ ಮುಂದಿನ ಆಕ್ಸಲ್ಲಿನ ಎರಡು ತುದಿಗಳಲ್ಲೂ ಒಂದೊಂದು ಕಬ್ಬಿಣದ ಗುಂಡು. ಅದನ್ನು ಸುತ್ತುವರಿದ ಚಿಪ್ಪೇ ನಕಲ್. ನಕಲ್ ಚಕ್ರದ ಜೊತೆ ಎಡಬಲ ತಿರುಗುವುದು ಆ ಗುಂಡಿನ ಮೇಲೊಂದು, ಕೆಳಗೊಂದು ಇರುವ ಕಿಂಗ್ ಪಿನ್ನುಗಳ ಮೊನಚು ರೋಲರ್ ಬೇರಿಂಗಿನ ಆಧಾರದಲ್ಲಿ. ಅವುಗಳ ಬಿಗಿಯನ್ನು ನಿರ್ಧರಿಸುವುದು ಮುಚ್ಚಳದ ಕೆಳಗಿನ ಶಿಮ್ಮುಗಳು, ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಮೂರು, ಐದು, ಹತ್ತು ಪಾಲಿನಷ್ಟು ದಪ್ಪದ ತಗಡುಗಳು. ನಮ್ಮದನ್ನು ಬಿಚ್ಚಿದಾಗ ಗ್ರೀಸು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು, ನೀರು ಹೊಕ್ಕಿತ್ತು. ಕೆಳಗಿನ ಬೇರಿಂಗಿನ ಕಪ್ಪಿನಲ್ಲಿ ರೋಲರುಗಳ ಅಚ್ಚು ಸಾಲಾಗಿ ಬಿದ್ದಿತ್ತು. ಚಕ್ರ ನೇರವಿದ್ದಾಗ ರೋಲರುಗಳು ಎಲ್ಲಿ ಕೂರುತ್ತವೋ ಸರಿಯಾಗಿ ಅಲ್ಲೇ. ಅಂಥ ಕಪ್ಪನ್ನು ಇಟ್ಟುಕೊಂಡು ಶಿಮ್ ತೆಗೆದು ಬಿಗಿ ಮಾಡಿದರೆ ನೇರ ಹೋಗುವಾಗ ಸಡಿಲ, ತಿರುವಿನಲ್ಲಿ ಬಿಗಿ. ಕಪ್ಪು, ಬೇರಿಂಗು ಎರಡೂ ಹೊಸದಾಗಲೇಬೇಕು.

ಹೊಸ ಬೇರಿಂಗ್ ಕೂರಿಸಿದ ಮೇಲೆ ಅದರ ಬಿಗಿ ಅಳೆಯಲು ಮೇಸ್ತ್ರಿ ಆಯಿಲ್ ಸೀಲ್ ಹಾಕದೆ, ಟೈ ರಾಡ್ ಬಿಟ್ಟು, ಸ್ಟೀರಿಂಗ್ ತೋಳಿನ ತೂತಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದರು. ಸೀಲ್ ಇದ್ದರೆ ಅದರ ಹಿಡಿತವೂ ಲೆಕ್ಕಕ್ಕೆ ಸೇರಿ ಅಳತೆ ಸುಳ್ಳಾಗುತ್ತದೆ. ಮೇಲೆಷ್ಟು ದಪ್ಪ ಶಿಮ್ಮೋ ಕೆಳಗೂ ಅಷ್ಟೇ ಇರಬೇಕು, ಇಲ್ಲದಿದ್ದರೆ ಒಳಗಿನ ಆಕ್ಸಲ್ ನಡುವಿಗೆ ಕೂರುವುದಿಲ್ಲ. ಎಳೆದರು, ಬಿಚ್ಚಿದರು, ಒಂದು ತಗಡು ತೆಗೆದರು, ಮತ್ತೆ ಎಳೆದರು. ಒಂದೇ ಕಡೆಗೆ ಅರ್ಧ ದಿನ ಹಿಡಿಯಿತು. ನಾನು ಕಂಡ ಅತ್ಯುತ್ತಮ ಕುಶಲ ಕೆಲಸಗಳಲ್ಲಿ ಇದೊಂದು. ಎಲ್ಲ ಮುಗಿದ ಮೇಲೆ ಹೊರಗಿನಿಂದ ಕಾಣುವುದು ಒಂದು ಮುಚ್ಚಳ, ನಾಲ್ಕು ಬೋಲ್ಟು.

ರೆಸ್ಟೋರ್ ಮಾಡುವವರು ಏನೂ ಮಾಡುವುದಿಲ್ಲವೆಂದಲ್ಲ. ತುಕ್ಕು ಹಿಡಿದ ಫ್ಲೋರು ಕತ್ತರಿಸಿ ಹೊಸ ತಗಡು ಬೆಸೆಯುವುದು ಬೇಕಾದ ಕೆಲಸವೇ.

ನನ್ನ ದೊಡ್ಡ ಜಗಳವಿರುವುದು ಜೀಪುಗಳ ಬಗ್ಗೆ ತೀರ್ಪು ಕೊಡುವ ಮೂಲವಾದಿಗಳ ಜೊತೆ. ಹರಿಕೇನ್ ಪೆಟ್ರೋಲ್ ಎಂಜಿನ್ ಇಲ್ಲದ 3ಬಿ ಅವರ ಪಾಲಿಗೆ ಜೀಪೇ ಅಲ್ಲ. ಪೆಟ್ರೋಲ್ ಖರ್ಚು ತಡೆಯಲಾರದೆ ತೋಟದವರು, ಬಾಡಿಗೆ ಓಡಿಸುವವರು ಡೀಸೆಲ್ ಎಂಜಿನ್ ಇಳಿಸಿಕೊಂಡರು. ಹಾಗೆ ಇಳಿಸಿದ್ದರಿಂದಲೇ ಎಷ್ಟೋ ಜೀಪುಗಳು ಗುಜರಿಗೆ ಹೋಗದೆ ಉಳಿದವು. ಎಂಎಂ540 ಜೀಪಿಗೆ ಮಹೀಂದ್ರ ಕಂಪನಿಯವರೇ 2112 ಸಿಸಿಯ ಪ್ಯೂಜೊ ಡೀಸೆಲ್ ಎಂಜಿನ್ ಹಾಕಿ ಮಾರಲಿಲ್ಲವೇ? ಬದಲಾವಣೆ ಆರ್‌ಸಿಯಲ್ಲಿ ನಮೂದಾಗಿದ್ದರೆ ಅದು ಆ ಗಾಡಿಯ ಜೀವನಚರಿತ್ರೆಯ ಒಂದು ಅಧ್ಯಾಯ. ಡೀಸೆಲ್ ಬಗ್ಗೆ ಎತ್ತಬೇಕಾದ ನಿಜವಾದ ತಕರಾರು ಬೇರೆ ಇದೆ, ಅದನ್ನು ಇವರು ಎತ್ತುವುದೇ ಇಲ್ಲ. ಡೀಸೆಲ್ ಎಂಜಿನ್ ತೂಕ ಜಾಸ್ತಿ. ಆ ಭಾರ ಮುಂದಿನ ಸ್ಪ್ರಿಂಗ್ ಪಟ್ಟಿಗಳ ಮೇಲೆ, ಕಿಂಗ್ ಪಿನ್ನುಗಳ ಮೇಲೆ ಬೀಳುತ್ತದೆ. ಅಂಥ ಗಾಡಿಯ ನಕಲನ್ನು ಇನ್ನೂ ಬೇಗ ಬೇಗ ನೋಡಬೇಕು. ಬೋಲ್ಟಿನ ತಲೆಯ ಮೇಲಿನ ಅಕ್ಷರ ಮೂಲದ್ದೋ ಅಲ್ಲವೋ ಎಂದು ಬಗ್ಗಿ ನೋಡುವವರು ಅಲ್ಲೇ ಪಕ್ಕದ ಚಕ್ರವನ್ನು ಒಮ್ಮೆ ಅಲ್ಲಾಡಿಸಿ ನೋಡಿದ್ದನ್ನು ನಾನು ಕಂಡಿಲ್ಲ.

ಒಂದು ನೋವು ನನಗೆ ಇನ್ನೂ ಹೋಗಿಲ್ಲ. ನನ್ನ ಜೀಪಿನ ಬಾನೆಟ್ಟಿನ ಒಳಬದಿಯಲ್ಲಿ ಹಿಂದಿನ ಯಾರೋ ಮೇಸ್ತ್ರಿ ಮೊಳೆಯಲ್ಲಿ ಗೀಚಿದ್ದ ಲೆಕ್ಕವಿತ್ತು: ತಾರೀಖು, ಎಡ ಇಷ್ಟು, ಬಲ ಇಷ್ಟು. ಶಿಮ್ಮಿನ ಲೆಕ್ಕವೆಂದು ಆಗ ನನಗೆ ತಿಳಿದಿರಲಿಲ್ಲ. ಅದನ್ನು ಉಜ್ಜಿ, ಪುಟ್ಟಿ ಹಚ್ಚಿ, ಬಣ್ಣ ಹೊಡೆದುಬಿಟ್ಟರು. ಆ ಕೆಲಸಕ್ಕೆ ದುಡ್ಡು ಕೊಟ್ಟವನು ನಾನೇ. ಈಗಿನ ಮೇಸ್ತ್ರಿ ಅದೇ ಜಾಗದಲ್ಲಿ ಹೊಸ ಬಣ್ಣ ಕೆರೆದು ಎಡಗಡೆಯ ಲೆಕ್ಕ ಬರೆದಿದ್ದಾರೆ. ಬಲಗಡೆಯದನ್ನು ಮಳೆ ಹಿಡಿಯುವ ಮುಂಚೆ ಬಿಚ್ಚಬೇಕು.